ಅಬಚಿಯ ಶ್ರುತಿ, ನನ್ನ ಆಡಿಯೋ ಡಬ್ಬಿ

ದಾಸರ ಪದಗಳ ಪುಸ್ತಕ ನಿಮ್ಮಲ್ಲಿ ಸುಮಾರು ಜನರ ಮನೆಯಲ್ಲಿ ಇದ್ದೇ ಇರುತ್ತೆ. ತೆಗೆದು ನೋಡಿ, ಪ್ರತಿ ಹಾಡಿನ ತಲೆ ಮೇಲೆ ರಾಗ ಇಂಥದ್ದು, ತಾಳ ಇಂಥದ್ದು ಅಂತ ಒಂದು ಸಾಲು ಇರುತ್ತೆ. ಆ ಸಾಲಿಗೂ ನಮ್ಮ ಕಡೆ ಹೆಂಗಸರು ಅದೇ ಹಾಡನ್ನ ಹಾಡೋದಕ್ಕೂ ಬಹಳ ಸಲ ಏನೇನೂ ಸಂಬಂಧ ಇರೋದಿಲ್ಲ. ನಮ್ಮ ಕಡೆ ಅಂದರೆ ರಾಯಚೂರು ಸೀಮೆ. ವಿಜಯದಾಸರ (1682–1755) ಚೀಕಲಪರ್ವಿ ಮಾನ್ವಿ ಕಡೆ, ಗೋಪಾಲದಾಸರ ಮೊಸರಕಲ್ಲು ದೇವದುರ್ಗದ ಕಡೆ, ಜಗನ್ನಾಥದಾಸರು (1728–1809) ಮಾನ್ವಿಯವರೇ. ಪದಗಳೆಲ್ಲ ಎಂದೋ ಅಚ್ಚಾಗಿವೆ. ಧಾಟಿಗಳು ಮಾತ್ರ ಬಾಯಿಂದ ಬಾಯಿಗೆ, ಅತ್ತೆಯಿಂದ ಸೊಸೆಗೆ, ಅವ್ವನಿಂದ ಮಗಳಿಗೆ ಬಂದವು.

ನಮ್ಮ ಅಬಚಿ ಇರೋದು ಹಳೇ ಮಾನ್ವಿ ತಾಲೂಕಿನ ಕಲ್ಲೂರಿನಲ್ಲಿ. (ಅಬಚಿ ಅಂದರೆ ಅಮ್ಮನ ತಂಗಿ, ಬೆಂಗಳೂರಿನವರ ಚಿಕ್ಕಮ್ಮ.) ಊರಲ್ಲಿ ಮದುವೆ, ಮುಂಜಿವೆ ಏನೇ ಇರಲಿ, ಉರುಟಣೆ ಹಾಡಿಗೆ, ಆರತಿ ಹಾಡಿಗೆ, ಹೂವಿನ ಹಾಡಿಗೆ ಅಬಚಿಗೇ ಕರೆ. ಅವಳ ತಲೆಯಲ್ಲಿ ಎಷ್ಟು ಧಾಟಿ ಇವೆ ಅಂತ ಅವಳಿಗೇ ಲೆಕ್ಕ ಇಲ್ಲ. "ಹಾಡ್ಲಿಕ್ಕೆ ಕೂತರ ಬರ್ತಾವ, ಎಣಿಸ್ಲಿಕ್ಕೆ ಕೂತರ ಓಡಿಹೋಗ್ತಾವ" ಅಂತಾಳೆ.

ಈ ಮೇ ತಿಂಗಳಲ್ಲಿ ಅಮ್ಮ ಫೋನ್ ಮಾಡಿ ಹೇಳಿದಳು, ಅಬಚಿಗೆ ಥೈರಾಯ್ಡ್ ಗಂಟು ದೊಡ್ಡದಾಗಿದೆ, ಮುಂದಿನ ಮಂಗಳವಾರ ರಾಯಚೂರಿನಲ್ಲಿ ಆಪರೇಷನ್ ಅಂತ. ಡಾಕ್ಟರು ಮುಂಚೆಯೇ ತಿಳಿಸಿದ್ದರಂತೆ. ಧ್ವನಿಪೆಟ್ಟಿಗೆಗೆ ಹೋಗುವ ನರಗಳು ಆ ಗ್ರಂಥಿಗೆ ಅಂಟಿಕೊಂಡ ಹಾಗೇ ಹಾದು ಹೋಗ್ತವೆ, ಎಷ್ಟೇ ಹುಷಾರಾಗಿ ಮಾಡಿದರೂ ಒಮ್ಮೊಮ್ಮೆ ದನಿ ಒಡೆಯಬಹುದು, ಮೇಲಿನ ಸ್ವರ ಹೋಗಬಹುದು. ಬಹುತೇಕ ಜನರಿಗೆ ಏನೂ ಆಗಲ್ಲ ಅಂತಾನೂ ಹೇಳಿದ್ದರು. ಅಬಚಿ ಕಿವಿಗೆ ಬಿದ್ದದ್ದು ಮಾತ್ರ ಮೊದಲನೇ ಅರ್ಧ.

ಹೀಗಾಗಿ ಶುಕ್ರವಾರ ರಾತ್ರಿ ಉದ್ಯಾನ್ ಎಕ್ಸ್‌ಪ್ರೆಸ್ ಹತ್ತಿದೆ. ಬ್ಯಾಗಿನಲ್ಲಿ ಗೆಳೆಯನಿಂದ ಎರವಲು ತಂದ ಒಂದು ಕಂಡೆನ್ಸರ್ ಮೈಕು, ಒಂದು ಆಡಿಯೋ ಇಂಟರ್ಫೇಸ್, ಆಫೀಸಿನ ಲ್ಯಾಪ್‌ಟಾಪು. ಕೈಯಲ್ಲಿ ಎರಡು ದಿನ.

ಆಡಿಯೋ ಇಂಟರ್ಫೇಸ್ ನೋಡಿಲ್ಲದವರಿಗೆ ಹೇಳ್ತೀನಿ. ಇಟ್ಟಿಗೆಯಷ್ಟು ದೊಡ್ಡ ಡಬ್ಬಿ, ಒಂದು ಬದಿಗೆ ಮೈಕು, ಇನ್ನೊಂದು ಬದಿಗೆ ಯುಎಸ್‌ಬಿ. ಮೈಕಿನಿಂದ ಬರುವ ವೋಲ್ಟೇಜನ್ನ ಸೆಕೆಂಡಿಗೆ ಇಷ್ಟು ಸಾವಿರ ಸಲ ಅಂತ ಅಳೆದು, ಅಂಕಿ ಮಾಡಿ, ಕಂಪ್ಯೂಟರಿಗೋ ಫೋನಿಗೋ ದಾಟಿಸೋದು ಅದರ ಕೆಲಸ. ಈ "ಇಷ್ಟು ಸಾವಿರ ಸಲ" ಅನ್ನೋದನ್ನ ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತೆ.

ಫೋನಿನ ಮೈಕಿನಲ್ಲೇ ರೆಕಾರ್ಡ್ ಮಾಡಬಹುದಿತ್ತಲ್ಲಾ ಅಂತ ಕೇಳ್ತೀರಿ. ಮಾಡಿ ನೋಡಿ. ಫೋನಿನ ಮೈಕು ಮಾತಿಗಾಗಿ ಮಾಡಿದ್ದು. ಒಂದೇ ಸಮ ಬರೋ ಸದ್ದನ್ನ ಗದ್ದಲ ಅಂದುಕೊಂಡು ಅಳಿಸಿ ಹಾಕೋ ಸಾಫ್ಟ್‌ವೇರ್ ಅದರೊಳಗೆ ಕೂತಿರುತ್ತೆ. ಅಬಚಿ ಪೇಟಿಯ ಒಂದು ಮನೆ ಒತ್ತಿ ಹಿಡಿದು ಶ್ರುತಿ ಇಟ್ಟುಕೊಂಡು ಹಾಡ್ತಾಳೆ. ಫೋನು ಆ ಶ್ರುತಿಯನ್ನ ಫ್ಯಾನಿನ ಸದ್ದು ಅಂತ ತಿಳಿದು ನುಂಗಿ, ಹಾಡನ್ನ ಅಂತರದಲ್ಲಿ ನೇತುಹಾಕುತ್ತೆ. ಶ್ರುತಿ ಇಲ್ಲದ ಮೇಲೆ ಯಾವ ಧಾಟಿ ಉಳಿಸಿದ ಹಾಗಾಯ್ತು?

ಶನಿವಾರ ಬೆಳಿಗ್ಗೆ ನಡುಮನೆಯಲ್ಲಿ ಅಂಗಡಿ ಹರವಿದೆ. ಮೊದಲು ಲ್ಯಾಪ್‌ಟಾಪು. ಡಬ್ಬಿಯ ಕಂಪನಿಯವರ ಡ್ರೈವರ್ ಹಾಕಬೇಕಂದರೆ ಅಡ್ಮಿನ್ ಪಾಸ್‌ವರ್ಡ್ ಕೇಳಿತು. ಅದು ನನ್ನ ಹತ್ರ ಇಲ್ಲ, ಬೆಂಗಳೂರಿನಲ್ಲಿ ಯಾರೋ ಪುಣ್ಯಾತ್ಮನ ಹತ್ರ ಇದೆ, ಅವನಿಗೆ ಶನಿವಾರ ರಜೆ. ಅದೃಷ್ಟಕ್ಕೆ 2017ರಲ್ಲಿ ಬಂದ ವಿಂಡೋಸ್ 10ರ ಅಪ್‌ಡೇಟಿನಿಂದ ಈಚೆಗೆ ಇಂಥ ಡಬ್ಬಿಗಳಿಗೆ ವಿಂಡೋಸಿನಲ್ಲೇ ಒಂದು ಸಾಮಾನ್ಯ ಡ್ರೈವರ್ ಇದೆ. ಅದು ಹಿಡೀತು. (ನಮ್ಮ ಜಿಲ್ಲೆಯ ಮಸ್ಕಿಯಲ್ಲಿ 1915ರಲ್ಲಿ ಅಶೋಕನ ಹೆಸರೇ ಇರೋ ಬಂಡೆ ಶಾಸನ ಸಿಕ್ತು. ಎರಡು ಸಾವಿರ ವರ್ಷದ ಮೇಲಿನದು, ಡ್ರೈವರ್ ಬೇಕಿಲ್ಲ ಅಂತ ಹೇಳೋಣ ಅಂದುಕೊಂಡೆ. ಆದರೆ 1837ರಲ್ಲಿ ಪ್ರಿನ್ಸೆಪ್ ಬ್ರಾಹ್ಮಿ ಲಿಪಿಗೆ ಡ್ರೈವರ್ ಬರೆಯೋ ತನಕ ಅಶೋಕನನ್ನೂ ಯಾರೂ ಓದಿರಲಿಲ್ಲ :-) )

ಡ್ರೈವರ್ ಹಿಡಿದ ಮೇಲೆ ಗುಂಯ್ಯ್ ಅಂತ ಒಂದು ಸದ್ದು ಶುರುವಾಯ್ತು. ಚಾರ್ಜರ್ ಕಿತ್ತರೆ ಮಾಯ, ಹಾಕಿದರೆ ಹಾಜರ್. ನಮ್ಮ ದೇಶದ ಕರೆಂಟು ಸೆಕೆಂಡಿಗೆ 50 ಸಲ ಹಿಂದೆ ಮುಂದೆ ಆಗುತ್ತೆ, ಈ ಗುಂಯ್ಗುಡುವಿಕೆ ಅದರದ್ದೇ ದನಿ. ಹಳೇ ಮನೆ, ಸ್ವಿಚ್ ಬೋರ್ಡಿನಲ್ಲಿ ಮೂರನೇ ತೂತು ಇದೆ, ಅದರ ಹಿಂದೆ ಅರ್ಥಿಂಗ್ ತಂತಿ ಇಲ್ಲ. ತಂತಿ ಇಲ್ಲದಿದ್ದರೆ ಚಾರ್ಜರಿನಿಂದ ಸೋರೋ ಚೂರುಪಾರು ಕರೆಂಟು ನೆಲಕ್ಕೆ ಇಳಿಯೋಕೆ ದಾರಿ ಇಲ್ಲದೆ ಲ್ಯಾಪ್‌ಟಾಪಿನ ಮೈಗೆ ಬಂದು ಕೂರುತ್ತೆ. ಲೋಹದ ಲ್ಯಾಪ್‌ಟಾಪ್ ಸವರಿದಾಗ ಜುಮ್ ಅನ್ನುತ್ತಲ್ಲ, ಅದೇ ಇದು. ಚಾರ್ಜರ್ ಇಲ್ಲದೆ ಬ್ಯಾಟರಿ ಮುಕ್ಕಾಲು ತಾಸು ಬರ್ತಿತ್ತು. ಅಷ್ಟರಲ್ಲಾದರೂ ಏನೋ ಒಂದಿಷ್ಟು ಆಗಲಿ ಅಂತ ಶುರು ಮಾಡಿದರೆ, ಹಾಡಿನ ನಡುನಡುವೆ ಒಗ್ಗರಣೆಗೆ ಸಾಸಿವೆ ಸಿಡಿದ ಹಾಗೆ ಪಟ್ ಪಟ್. ವೈಫೈ ಆಫ್ ಮಾಡಿದೆ, ಬಫರ್ ದೊಡ್ಡದು ಮಾಡಿದೆ, ಬೇರೆ ಪೋರ್ಟಿಗೆ ಚುಚ್ಚಿದೆ. ಆಫೀಸಿನವರು ಹಾಕಿರೋ ಸೆಕ್ಯುರಿಟಿ ಸಾಫ್ಟ್‌ವೇರು ಡಿಸ್ಕಿಗೆ ಬರೆಯೋ ಪ್ರತಿ ಬೈಟನ್ನೂ ಮೂಸಿ ನೋಡಿ ಒಳಗೆ ಬಿಡ್ತಿತ್ತು. ಅದನ್ನ ನಿಲ್ಲಿಸೋಕೂ ಅದೇ ಪುಣ್ಯಾತ್ಮನ ಪಾಸ್‌ವರ್ಡ್ ಬೇಕು.

ಇಷ್ಟಕ್ಕೆಲ್ಲ ಫ್ಯಾನ್ ಬಂದ್ ಇತ್ತು ಅನ್ನೋದನ್ನ ಮರೀಬೇಡಿ. ರಾಯಚೂರಿನ ಮೇ ತಿಂಗಳು. ಅಬಚಿ ಸೆರಗಿನಿಂದ ಗಾಳಿ ಹಾಕಿಕೊಳ್ತಾ, "ಆಪರೇಷನ್ನಿಗಿಂತ ಮೊದಲ ನೀನ ನನ್ನ ಬೇಯಿಸಿ ತೆಗಿತೀ ಏನೋ" ಅಂದಳು.

ಲ್ಯಾಪ್‌ಟಾಪ್ ಆಸೆ ಬಿಟ್ಟು ಡಬ್ಬಿಯನ್ನ ನನ್ನ ಫೋನಿಗೆ ಸಿಕ್ಕಿಸಿದೆ. 2014ರ ಆಂಡ್ರಾಯ್ಡ್ 5ರಿಂದಲೂ ಫೋನುಗಳಿಗೆ ಈ ವಿದ್ಯೆ ಗೊತ್ತು, ಬೇರೆ ಡ್ರೈವರ್ ಬೇಡ. ದೀಪ ಹತ್ತಿತು. ಮೈಕಿಗೆ 48 ವೋಲ್ಟ್ ಕೊಡೋ ಗುಂಡಿ ಒತ್ತಿದ ತಕ್ಷಣ ದೀಪ ಎರಡು ಸಲ ಮಿಣುಕಿ ಡಬ್ಬಿ ಸತ್ತುಹೋಯ್ತು. ಮತ್ತೆ ಚುಚ್ಚಿದೆ, ಮತ್ತೆ ಸತ್ತಿತು. ಕಂಡೆನ್ಸರ್ ಮೈಕಿಗೆ ಆ 48 ವೋಲ್ಟ್ ಬೇಕೇ ಬೇಕು, ಡಬ್ಬಿ ಅದನ್ನ ಯುಎಸ್‌ಬಿಯ 5 ವೋಲ್ಟಿನಿಂದಲೇ ಏರಿಸಿ ಮಾಡಿಕೊಳ್ಳಬೇಕು. ಕಂಪ್ಯೂಟರಿನ ಯುಎಸ್‌ಬಿ 2 ಪೋರ್ಟು 500 ಮಿಲಿಆಂಪ್ ತನಕ ಕೊಡುತ್ತೆ. ಫೋನು ತನ್ನ ಬ್ಯಾಟರಿ ಉಳಿಸಿಕೊಳ್ಳೋ ಜಿಪುಣ, ಡಬ್ಬಿ ಜಾಸ್ತಿ ಕೇಳಿದ ಕೂಡಲೇ ಬಾಗಿಲು ಹಾಕಿಕೊಳ್ತು.

ಇದಕ್ಕೆ ಬೇಕಾದದ್ದು ಹೊರಗಿನಿಂದ ಕರೆಂಟು ತಗೊಳ್ಳೋ ಯುಎಸ್‌ಬಿ ಹಬ್. ಎದುರುಮನೆ ಹುಡುಗ ಆರ್ಕೆಸ್ಟ್ರಾದಲ್ಲಿ ಕೀಬೋರ್ಡ್ ನುಡಿಸ್ತಾನೆ, ಇಂಥ ಸಂಕಟಗಳೆಲ್ಲ ಅವನಿಗೆ ಗೊತ್ತು. "ಅಣ್ಣಾ, ನಾ ರಾಯಚೂರಾಗ ಅದೀನಿ, ಸಂಜಿಗೆ ಬರ್ತಾ ತರ್ತೀನಿ" ಅಂದ. ತಂದ ಕೂಡಾ. ಜೊತೆಗೆ ಕೊಟ್ಟ ಕೇಬಲ್ ಬರೀ ಚಾರ್ಜಿಂಗಿನದು, ಒಳಗೆ ಡೇಟಾ ತಂತಿಗಳೇ ಇಲ್ಲ. ನೋಡೋಕೆ ಮಾತ್ರ ಎಲ್ಲಾ ಕೇಬಲ್ಲೂ ಒಂದೇ ಥರ. ಇನ್ನೊಂದು ಹುಡುಕಿ, ಹಬ್ಬಿಗೆ ಪವರ್ ಬ್ಯಾಂಕಿನಿಂದ ಕರೆಂಟು ಕೊಟ್ಟೆ. ಗೋಡೆಯ ಸಂಪರ್ಕವೇ ಇಲ್ಲ, ಹಾಗಾಗಿ ಗುಂಯ್ಗುಡೋದೂ ಇಲ್ಲ. ರಾತ್ರಿ ಎಂಟಕ್ಕೆ ಅಬಚಿ ಹಾಡೋಕೆ ಕೂತಳು. ಒಂದರ ಹಿಂದೆ ಒಂದು ಆರು ಹಾಡು. ಕಾಕಾ ಬ್ಯಾಂಕಿನಿಂದ ರಿಟೈರ್ ಆದವರು, ಕೈ ಸುಮ್ಮನಿರಲ್ಲ. ಪ್ರತಿ ಹಾಡಿಗೂ ವಾಚು ನೋಡಿ ಶುರುವಾದ ಹೊತ್ತು, ಮುಗಿದ ಹೊತ್ತು ಡೈರಿಯಲ್ಲಿ ಬರೆದುಕೊಳ್ತಾ ಇದ್ದರು.

ಮುಗಿದ ಮೇಲೆ ಮೊದಲನೇದನ್ನ ಹಚ್ಚಿ ಕೇಳಿಸಿದೆ. ಸ್ವಚ್ಛವಾಗಿ ಬಂದಿತ್ತು. ಪಟ್ ಪಟ್ ಇಲ್ಲ, ಗುಂಯ್ ಇಲ್ಲ. ಕಾಕಾ, "ಭಾರಿ ಬಂದದ, ದನಿ ತುಂಬಿ ಬಂದದ" ಅಂದರು. ನನಗೂ ಹಾಗೇ ಅನ್ನಿಸ್ತು. ಅಬಚಿ ಸುಮ್ಮನೆ ಕೂತಿದ್ದಳು. ಎರಡನೇ ನುಡಿಗೆ ಬಂದಾಗ ಹೇಳಿದಳು, "ಇದು ನನ್ನ ದನಿ ಅಲ್ಲ."

ತಮ್ಮ ದನಿ ರೆಕಾರ್ಡಿನಲ್ಲಿ ಕೇಳಿದಾಗ ಎಲ್ಲರೂ ಹೀಗೇ ಅಂತಾರೆ. ನಮ್ಮ ದನಿ ನಮಗೆ ಎಲುಬಿನ ಮೂಲಕವೂ ಕೇಳಿಸೋದರಿಂದ ಹೊರಗಿನಿಂದ ಬೇರೆ ಅನ್ನಿಸುತ್ತೆ. ಅದನ್ನೇ ಅವಳಿಗೆ ವಿವರಿಸೋಕೆ ಹೊರಟೆ. ಅಬಚಿ ಕೈ ಅಡ್ಡ ಮಾಡಿ, "ಎಲುಬು ಗಿಲುಬು ಬ್ಯಾಡ. ಶ್ರುತಿ ತಪ್ಪ್ಯದ. ಹಾಡು ಹಚ್ಚೇ ಇರು" ಅಂತ ಪೇಟಿ ಎಳಕೊಂಡಳು.

ಅವಳ ಶ್ರುತಿ ಕರಿ ನಾಲ್ಕು, ಅಂದರೆ ಪೇಟಿಯ ನಾಲ್ಕನೇ ಕರಿ ಮನೆ. ರೆಕಾರ್ಡಿನ ಜೊತೆ ಒತ್ತಿದಳು, ಕೂಡಲಿಲ್ಲ, ರೆಕಾರ್ಡು ಕೆಳಗಿತ್ತು. ಅದರ ಕೆಳಗಿನ ಬಿಳಿ ಐದು ಒತ್ತಿದಳು, ಇನ್ನೂ ಕೂಡಲಿಲ್ಲ. ಇನ್ನೂ ಒಂದು ಮನೆ ಇಳಿದು ಕರಿ ಮೂರು ಒತ್ತಿದಳು. ಈಗ ರೆಕಾರ್ಡು ಮೇಲಾಯ್ತು. "ನೋಡು, ಅಲ್ಲೂ ಇಲ್ಲ, ಇಲ್ಲೂ ಇಲ್ಲ. ಎರಡು ಮನೀ ನಡುವ ಬಿದ್ದದ. ಹಿಂಗ ಹಾಡಿದ್ರ ನಮ್ಮವ್ವ ನನ್ನ ಮನೀ ಬಿಟ್ಟು ಓಡಿಸ್ತಿದ್ಲು."

ಪೇಟಿಯಲ್ಲಿ ಒಂದು ಮನೆಯಿಂದ ಪಕ್ಕದ ಮನೆಗೆ ಅರ್ಧ ಸ್ವರ. ರೆಕಾರ್ಡು ಒಂದು ಮನೆಗಿಂತ ಜಾಸ್ತಿ, ಎರಡಕ್ಕಿಂತ ಕಮ್ಮಿ, ಹೆಚ್ಚುಕಮ್ಮಿ ಒಂದೂವರೆ ಮನೆ ಇಳಿದಿದೆ. ಈ ಒಂದೂವರೆ ಕೇಳಿದ್ದೇ ತಲೆಯಲ್ಲಿ ಗಂಟೆ ಹೊಡೀತು. ಆಡಿಯೋದಲ್ಲಿ ಎರಡು ದರಗಳು ಬಹಳ ಪ್ರಸಿದ್ಧ. ಒಂದು ಸೆಕೆಂಡಿಗೆ 44,100 ಸಲ ಅಳೆಯೋದು, ಸಿಡಿಯ ದರ. ಇನ್ನೊಂದು 48,000, ವಿಡಿಯೋದವರ ದರ, ಈಗಿನ ಫೋನುಗಳದ್ದೂ ಸಾಮಾನ್ಯವಾಗಿ ಅದೇ. (44,100 ಅನ್ನೋ ವಿಚಿತ್ರ ಸಂಖ್ಯೆ ಎಲ್ಲಿಂದ ಬಂತು ಗೊತ್ತಾ? ಸಿಡಿ ಬರೋ ಮುಂಚೆ ಅಂಕಿಗಳನ್ನ ಚಿತ್ರದ ಗೆರೆಗಳ ರೂಪದಲ್ಲಿ ವಿಡಿಯೋ ಟೇಪಿನ ಮೇಲೆ ಇಡ್ತಿದ್ದರು. ಸೆಕೆಂಡಿಗೆ 50 ಫೀಲ್ಡ್, ಒಂದೊಂದರಲ್ಲಿ 294 ಗೆರೆ, ಗೆರೆಗೆ 3 ಅಂಕಿ. ಗುಣಿಸಿ ನೋಡಿ.) ಡಬ್ಬಿ ಸೆಕೆಂಡಿಗೆ 48,000 ಅಂಕಿ ಕಳಿಸ್ತಾ ಇದೆ. ಫೋನಿನ ಆಪು ಅದನ್ನೆಲ್ಲ ಹಾಗೇ ತುಂಬಿಕೊಂಡು, ಫೈಲಿನ ತಲೆಯಲ್ಲಿ ಮಾತ್ರ "ಇದು 44,100" ಅಂತ ಚೀಟಿ ಅಂಟಿಸ್ತಿದೆ. ಆ ಚೀಟಿ ನಂಬಿ ಹಚ್ಚಿದರೆ ಹಾಡು ನಿಧಾನ ಆಗುತ್ತೆ, ಶ್ರುತಿ ಇಳಿಯುತ್ತೆ. ಎಷ್ಟು ಇಳಿಯುತ್ತೆ ಅಂತ ಲೆಕ್ಕ ಹಾಕಿದರೆ 1.47 ಮನೆ. ಅಬಚಿ ಬೆರಳು ಹೇಳಿದ್ದೂ ಅದನ್ನೇ.

ಆದರೂ ಒಂದು ಸಾಕ್ಷಿ ಇರಲಿ ಅಂತ ಕಾಕಾನ ಡೈರಿ ಇಸಕೊಂಡೆ. ಮೊದಲನೇ ಹಾಡು ವಾಚಿನಲ್ಲಿ 4 ನಿಮಿಷ 5 ಸೆಕೆಂಡು. ಫೈಲಿನಲ್ಲಿ 4 ನಿಮಿಷ 27. ಭಾಗಿಸಿದರೆ 48ಕ್ಕೆ 44.1. ಆಪಿನಲ್ಲಿ ಈ ದರ ಬದಲಾಯಿಸೋಕೆ ಎಲ್ಲೂ ಜಾಗವೇ ಇರಲಿಲ್ಲ. ಕಾಕಾಗೆ ತಮ್ಮ ಡೈರಿ ಕೋರ್ಟಿನಲ್ಲಿ ಗೆದ್ದಷ್ಟು ಖುಷಿ.

ಆಕಾಶವಾಣಿ 1940ರಲ್ಲಿ ಹಾರ್ಮೋನಿಯಂ ನಿಷೇಧ ಮಾಡಿತ್ತು. 1971ರ ತನಕ, ಮೂರು ದಶಕ. ಅದಕ್ಕೆ ಮೀಂಡ್ ಬರಲ್ಲ, ಅದರ ಸ್ವರಗಳು ಕಟ್ಟಿಹಾಕಿದ ಹಾಗೆ ಇರ್ತವೆ ಅನ್ನೋದು ಆಗಿನ ದೂರು. ಸಂಗೀತದ ದೃಷ್ಟಿಯಿಂದ ನಿಜವೇ ಇರಬಹುದು. ಆದರೆ ಆವತ್ತು ರಾತ್ರಿ ಕಲ್ಲೂರಿನ ಆ ನಡುಮನೆಯಲ್ಲಿ ಅಲುಗಾಡದೆ ಇದ್ದ ವಸ್ತು ಅಂದರೆ ಆ ಕಟ್ಟಿಹಾಕಿದ ಸ್ವರಗಳು ಮಾತ್ರ. ಉಳಿದ ಯಂತ್ರಗಳೆಲ್ಲ ಎಲ್ಲಾ ಸರಿ ಇದೆ ಅಂತ ಹಸಿರು ದೀಪ ತೋರಿಸ್ತಾ ಇದ್ದವು. ನನಗೆ ಈಗಲೂ ಕೊರೆಯೋದು ಕಾಕಾ ಹೇಳಿದ ಮಾತು. ಇಳಿದ ದನಿ ನಮಗೆಲ್ಲ ಚೆನ್ನಾಗೇ ಕೇಳಿಸಿತ್ತು, ಗಂಭೀರವಾಗಿ, ತುಂಬಿಕೊಂಡು. ಅಬಚಿ ಅವತ್ತು ಸಂಕೋಚಕ್ಕೆ ಹೂಂ ಅಂದುಬಿಟ್ಟಿದ್ದರೆ, ಇನ್ನು ಮೂವತ್ತು ವರ್ಷಕ್ಕೆ ನಮ್ಮ ಮನೆ ಮಕ್ಕಳು ಅದನ್ನೇ ಕೇಳಿ, ಅದೇ ಮಂದಗತಿಯಲ್ಲಿ ಧಾಟಿ ಕಲೀತಿದ್ದರು.

ಅಂಕಿಗಳೆಲ್ಲ ಫೈಲಿನಲ್ಲಿ ಹಾಗೇ ಇದ್ದಿದ್ದರಿಂದ ರಿಪೇರಿ ಸುಲಭ. ಲ್ಯಾಪ್‌ಟಾಪಿನಲ್ಲಿ ಆಡಾಸಿಟಿ ಇತ್ತು. ಅದರಲ್ಲಿ ಫೈಲ್ ತೆಗೆದು, ಟ್ರ್ಯಾಕಿನ ರೇಟ್ ಅನ್ನೋ ಕಡೆ 48,000 ಅಂತ ಬದಲಾಯಿಸಿದೆ. ಒಂದು ಅಂಕಿಯನ್ನೂ ಮುಟ್ಟಿಲ್ಲ, ಚೀಟಿ ಮಾತ್ರ ಬದಲು. ಹಚ್ಚಿದೆ. ಅಬಚಿ ಕರಿ ನಾಲ್ಕು ಒತ್ತಿದಳು, ಒಂದಕ್ಕೊಂದು ಕರಗಿಹೋದವು. "ಈಗ ನಾ ಆದೆ ನೋಡು" ಅಂದಳು.

ಭಾನುವಾರ ಬೆಳಿಗ್ಗೆ ನಾಲ್ಕೂವರೆಗೆ ಎದ್ದು ಕೂತೆವು. ಗಿರಣಿ ಶುರುವಾಗಿಲ್ಲ, ಟ್ರ್ಯಾಕ್ಟರ್ ಇಲ್ಲ, ಗುಡಿಯ ಮೈಕು ಇನ್ನೂ ಮಲಗಿದೆ, ಸ್ವಲ್ಪ ತಂಪು. ಈ ಸಲ ದರವನ್ನ ತೋರಿಸೋ, ಬದಲಾಯಿಸೋಕೆ ಬಿಡೋ ಬೇರೆ ಆಪು. ಸಂಜೆ ತನಕ ಬಿಟ್ಟು ಬಿಟ್ಟು ಹಾಡಿದಳು. ನಡುವೆ ಪವರ್ ಬ್ಯಾಂಕ್ ಎರಡು ಸಲ ಖಾಲಿ ಆಯ್ತು. ಕೊನೆಗೆ ಕೆಮ್ಮು ಬರೋಕೆ ಶುರುವಾಗಿ ನಿಲ್ಲಿಸಿದೆವು. ಹಿಂದಿನ ರಾತ್ರಿಯ ಆರೂ ಸೇರಿ ಮೂವತ್ತೆಂಟು ಹಾಡು. "ಇನ್ನೂ ಭಾಳ ಅವ" ಅಂತ ಹೇಳ್ತಾನೇ ಮಲಗಿದಳು.

ಆಪರೇಷನ್ ಚೆನ್ನಾಗಾಯ್ತು. ದನಿ ಒಡೆದಿದೆ. ಮೂರು ವಾರ ಬಿಟ್ಟು ಮತ್ತೆ ಹೋದಾಗ ಪಿಸುಮಾತಿನಲ್ಲೇ ಎಲ್ಲ. ನರ ಪೆಟ್ಟು ತಿಂದಿರಬಹುದು, ತಿಂಗಳುಗಳು ಹಿಡಿದು ಸರಿ ಹೋಗಲೂಬಹುದು, ಈಗಲೇ ಏನೂ ಹೇಳೋಕಾಗಲ್ಲ ಅಂದಿದ್ದಾರೆ ಡಾಕ್ಟರು. ಒತ್ತಿ ಮಾತಾಡಬಾರದು ಅಂತ ಆರ್ಡರ್. ಅಬಚಿ ಎದುರಿಗೆ ಅವಳದೇ ರೆಕಾರ್ಡು ಹಚ್ಚೋಕೆ ನನಗೆ ಧೈರ್ಯ ಬರಲಿಲ್ಲ. ಅವಳೇ ಕಪಾಟಿನಿಂದ ಒಂದು ಕ್ಯಾಸೆಟ್ಟು ತಂದು ನನ್ನ ಮುಂದೆ ಇಟ್ಟಳು. ಅಜ್ಜಿಯ ಹಾಡು, 1994ರಲ್ಲಿ ಇದೇ ಮನೆಯಲ್ಲಿ ಟೇಪ್ ರೆಕಾರ್ಡರಿನಲ್ಲಿ ತುಂಬಿದ್ದು. ಅಜ್ಜಿಯನ್ನ ನಾನು ನೋಡಿಲ್ಲ, ನಾನು ಹುಟ್ಟೋ ಮುಂಚೆಯೇ ತೀರಿಕೊಂಡಳು.

ಕ್ಯಾಸೆಟ್ಟಿನ ಸಂಕಟ ಬೇರೆ. ಟೇಪು ಸೆಕೆಂಡಿಗೆ 4.76 ಸೆಂಟಿಮೀಟರ್ ಓಡಬೇಕು ಅನ್ನೋದು ನಿಯಮ. ಬೆಲ್ಟ್ ಸಡಿಲಾದ ಮಷೀನು ನಿಯಮ ಕೇಳಲ್ಲ. ತುಂಬಿದ ಮಷೀನಿನ ವೇಗವೂ ಗೊತ್ತಿಲ್ಲ, ಈಗ ಓಡಿಸೋ ಕಾಕಾನ ಟೂ-ಇನ್-ಒನ್ನಿನ ವೇಗವೂ ನಂಬೋ ಹಾಗಿಲ್ಲ. ಡಬ್ಬಿಗೆ ಜೋಡಿಸಿ, ಟೂ-ಇನ್-ಒನ್ನಿಗೆ ಸೆಲ್ ಹಾಕಿ, ಲ್ಯಾಪ್‌ಟಾಪನ್ನ ಬ್ಯಾಟರಿಯಲ್ಲಿಟ್ಟು ಒಳಗೆ ತಗೊಂಡೆ. ಗೋಡೆಯ ಕರೆಂಟನ್ನ ದೂರ ಇಟ್ಟಿದ್ದಕ್ಕೆ ಕಾರಣ ಇದೆ. ಅಜ್ಜಿಯ ಹಾಡಿನ ಹಿಂದೆ 1994ರ ಕರೆಂಟಿನ ಗುಂಯ್ ಅನ್ನೋ ಸದ್ದು ಅಚ್ಚಾಗಿತ್ತು. ಅದು 50 ಇರಬೇಕು. ಅಳೆದರೆ 47 ಬಂತು. ಅಂದರೆ 50 ಆಗೋ ತನಕ ವೇಗ ಹೆಚ್ಚಿಸಿದರೆ ಅಜ್ಜಿಯ ನಿಜವಾದ ಶ್ರುತಿ ಸಿಗಬೇಕು. ಹೆಚ್ಚಿಸಿದೆ. ಕರಿ ನಾಲ್ಕಕ್ಕಿಂತ ಅರ್ಧ ಮನೆ ಮೇಲೆ ಹೋಗಿ ನಿಂತಿತು.

ಅಬಚಿ ತಲೆ ಅಲ್ಲಾಡಿಸಿದಳು. ಪೇಟಿ ತಂದು ಕರಿ ನಾಲ್ಕು ಒತ್ತಿದಳು. ಅವ್ವಂದೂ ಇದೇ, ಇಬ್ಬರೂ ಕೂಡೇ ಹಾಡ್ತಿದ್ದೆವು ಅಂತ ಸನ್ನೆ.

ಹಾಗಾದರೆ ತಪ್ಪಿದ್ದು ಆ 50. ಹುಡುಕಿದರೆ ನಮ್ಮ ಕರೆಂಟಿನ ಇತಿಹಾಸವೇ ಸಿಕ್ತು. 1990ರ ದಶಕದಲ್ಲಿ ದಕ್ಷಿಣದ ಗ್ರಿಡ್ ಬೇರೆಯಾಗಿ ಓಡ್ತಿತ್ತು, ಬೇಡಿಕೆ ಏರಿದ ಹೊತ್ತಿನಲ್ಲಿ ಫ್ರೀಕ್ವೆನ್ಸಿ 50ರಿಂದ ಜಾರಿ 48ರ ಆಸುಪಾಸಿಗೂ ಬರ್ತಿತ್ತು. 2003ರಲ್ಲಿ ದರದ ಪದ್ಧತಿ ಬದಲಾದ ಮೇಲೆ ಸುಧಾರಿಸಿತು. 2013ರ ಡಿಸೆಂಬರ್ 31ರಂದು ದಕ್ಷಿಣವನ್ನ ಉಳಿದ ದೇಶದ ಗ್ರಿಡ್ಡಿಗೆ ಜೋಡಿಸಿದ 765 ಕಿಲೋವೋಲ್ಟ್ ತಂತಿ ಯಾವುದು ಅಂದುಕೊಂಡಿರಿ? ರಾಯಚೂರು–ಸೊಲ್ಲಾಪುರ. 1994ರಲ್ಲಿ ಅದಿನ್ನೂ ಇರಲಿಲ್ಲ.

ಅಜ್ಜಿಯ ಶ್ರುತಿ ಕರಿ ನಾಲ್ಕಕ್ಕೆ ಕೂಡೋ ಹಾಗೆ ವೇಗ ಇಟ್ಟು, ಆ ಗುಂಯ್ ಅನ್ನೋದನ್ನ ಮತ್ತೆ ಅಳೆದೆ. 48.5. ದೀಪ ಹಚ್ಚೋ ಹೊತ್ತಿಗೆ ಹಾಡಿಸಿರಬೇಕು ಅಂದೆ. ಅಬಚಿ ಹೌದು ಅಂತ ತಲೆ ಹಾಕಿದಳು. ಆಮೇಲೆ ಟೇಪಿನಲ್ಲಿ ಅರ್ಧಕ್ಕೇ ನಿಂತುಹೋಗಿದ್ದ ಒಂದು ಹಾಡಿನ ಉಳಿದ ನುಡಿಗಳ ಧಾಟಿಯನ್ನ ಮಾತಿಲ್ಲದೆ ಪೇಟಿಯಲ್ಲಿ ನುಡಿಸೋಕೆ ಶುರು ಮಾಡಿದಳು. ನಾನು ಎದ್ದು ಫ್ಯಾನ್ ಬಂದ್ ಮಾಡಿದೆ.